ಬಿಲ್ಲೆ ನಂಬರ್ ತೊಂಬತ್ತೊಂದು

ನನ್ನ ಬಿಲ್ಲೆಯ ನಂಬರು ತೊಂಬತ್ತೊಂದು.
ಯಮುನಾ ಖಾರ್ವಿ, ಬೈತಖೋಲ ಅಂತ
ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದರು;
‘ಪ್ರತಿನಿಧಿ’ ಮಾತ್ರ ಅಚ್ಚಾಗಿತ್ತು, ದಪ್ಪಗೆ.
ಇಪ್ಪತ್ತು ವರ್ಷ ಪಕ್ಷದ ಬಾವುಟಕ್ಕೆ ಕೋಲು ಸಿಕ್ಕಿಸಿದವಳು,
ಕೊರಳಿಗೆ ದಾರ ಬಿದ್ದದ್ದು ಅದೇ ಮೊದಲು.

ಟಿಕೆಟ್ಟಿಗೆ ಇಬ್ಬರು.
ಉಲ್ಲಾಸ ಪೆಡ್ನೇಕರ: ಹತ್ತು ಬೋಟು, ಒಂದು ಐಸ್ ಕಾರ್ಖಾನೆ,
ನಮ್ಮ ಮನೆಯವರು ಸತ್ತ ದಿನ ಕಟ್ಟಿಗೆ ಕಳಿಸಿದವನು.
ವಿಲಾಸಿನಿ ತಾಂಡೇಲ: ಬಂದರು ಬೆಳೆಸುವುದು ಬೇಡ ಎಂದು
ಜೆಸಿಬಿಯ ಎದುರು ಕಾಲು ಚಾಚಿ ಕೂತವಳು,
ಏಳನೇ ಇಯತ್ತೆಯಲ್ಲಿ ನನ್ನ ಬೆಂಚಿನವಳು.
ಕಟ್ಟಿಗೆಯ ಋಣ ಒಂದು ತೂಕ, ಬೆಂಚಿನ ಋಣ ಇನ್ನೊಂದು.
ತಕ್ಕಡಿ ಹಿಡಿದೇ ಬದುಕಿದವಳು ನಾನು,
ನನಗೇ ಮುಳ್ಳು ನಿಲ್ಲಲಿಲ್ಲ.

ಸಭೆಗೆ ಮೂರು ದಿನ ಇರುವಾಗ ಪೆಡ್ನೇಕರನ ಬಸ್ಸು ಬಂತು.
ನಲವತ್ತು ಜನರನ್ನು ಮಾಜಾಳಿ ಗಡಿ ದಾಟಿಸಿ
ಕಾಣಕೋಣದ ಹೋಟೆಲಿಗೆ ಒಯ್ದರು.
ಅಲ್ಲಿಯೂ ಇದೇ ಸಮುದ್ರ; ಕಿಟಕಿಗೆ ಪರದೆ, ಅಷ್ಟೇ.
ಗಣಪಣ್ಣ ಫೋನು ಮಾಡಿದ: “ಇವರಿಗೆ ಬಾಂಗಡೆ ಹುರಿಯಲು ಬರೋದಿಲ್ಲ,
ಮಸಾಲೆ ಎಲ್ಲಾ ಹೊರಗೆ, ಒಳಗೆ ಸಪ್ಪೆ.”
ಮತ್ತೆ ದನಿ ತಗ್ಗಿಸಿ: “ಫೋನು ಕಸಿದುಕೊಳ್ತಾರಂತೆ. ಇಡ್ತೆ.”

ಊರಿನಲ್ಲಿ ಉಳಿದವರನ್ನು ವಿಲಾಸಿನಿಯ ಕಡೆಯವರು ರಾತ್ರಿ ಕಾದರು.
ನಾದಿನಿ ಶೇವಂತಿಯೂ ಪ್ರತಿನಿಧಿ, ತೊಂಬತ್ತೆರಡು.
ಮೀನು ಪೇಟೆಯಲ್ಲಿ ನನ್ನ ಬುಟ್ಟಿಗೆ ತಾಗಿಯೇ ಅವಳ ಬುಟ್ಟಿ;
ಚಿಲ್ಲರೆ ಇಬ್ಬರದೂ ಒಂದೇ ಡಬ್ಬಿ.
“ಅತ್ತಿಗೆ, ಯಾರಿಗೆ?” ಎಂದಳು.
“ನೋಡುವಾ” ಎಂದೆ.
ಅಷ್ಟಕ್ಕೇ ಅವಳು ಡಬ್ಬಿ ಸುರುವಿ
ಚಿಲ್ಲರೆ ಎರಡು ಪಾಲು ಮಾಡಿದಳು.

ಯಾರೋ ಭಾಷಣದಲ್ಲಿ ಹೇಳಿದರು: ಪಕ್ಷ ಅಂದರೆ ರಂಪಣಿ,
ಎರಡು ತುದಿ ಎರಡು ಗುಂಪು ಎಳೆದರೇನೇ ಬಲೆ ಬರುವುದು.
ರಂಪಣಿ ಎಳೆದವರು ಯಾರೂ ಚಪ್ಪಾಳೆ ತಟ್ಟಲಿಲ್ಲ.
ಎಳೆಯುತ್ತ ಎಳೆಯುತ್ತ ಆ ಎರಡು ಸಾಲು
ಹತ್ತಿರ ಬರುತ್ತವೆ ಮಾರಾಯ, ಕೊನೆಗೆ ಭುಜಕ್ಕೆ ಭುಜ.

ಭಾನುವಾರ. ಕಲ್ಯಾಣ ಮಂಟಪದಲ್ಲಿ ನಿನ್ನೆಯ ಮದುವೆಯ
ಹೂವಿನ ಕಮಾನು ಬಿಚ್ಚಿರಲಿಲ್ಲ. ಅದರಡಿ ಬೆಂಗಳೂರಿನ ವೀಕ್ಷಕರು,
ಬಿಳಿ ಬೂಟು, ಬೆವರು, ಎಳನೀರು.
ಕಾಣಕೋಣದವರು ಸಾಲಾಗಿ ಇಳಿದರು, ಒಂದೇ ಬಣ್ಣದ ಟೋಪಿ;
ಗಣಪಣ್ಣ ನನ್ನ ಕಡೆ ನೋಡಲಿಲ್ಲ.
ಕುರ್ಚಿ ಎರಡು ಹಾರಿದವು. ಮೈಕು ಕೀರಲಿತು.
ಪಟ್ಟಿಯಲ್ಲಿ ಸತ್ತವರ ಹೆಸರು ಉಂಟು ಎಂದು ಒಬ್ಬ,
ಹುಟ್ಟದವರದೂ ಉಂಟು ಎಂದು ಇನ್ನೊಬ್ಬ.
ಚೀಟಿ, ಬಿಸ್ಕತ್ತಿನ ಡಬ್ಬಿ, ಮರೆಗೆ ಒಂದು ಜಮಖಾನೆ.

ಜಮಖಾನೆಯ ಹಿಂದೆ ನಾನೊಬ್ಬಳೇ.
ಪೆನ್ನಿಗೆ ದಾರ ಕಟ್ಟಿದ್ದರು, ಮೇಜಿಗೆ.
ಯಾರಿಗೆ ಹಾಕಿದೆ ಎಂದು ಹೇಳುವುದಿಲ್ಲ, ಇಲ್ಲಿಯೂ ಇಲ್ಲ.
ಆದರೆ ಆ ಹೊತ್ತು ಕಟ್ಟಿಗೆಯೂ ಇರಲಿಲ್ಲ, ಬೆಂಚೂ ಇರಲಿಲ್ಲ;
ಕೈ ತನ್ನಷ್ಟಕ್ಕೆ ಭಾರವಾಗಿತ್ತು,
ಇಸ್ವಾಣದ ತಲೆ ಕತ್ತರಿಸುವ ಮೊದಲು ಆಗುವ ಹಾಗೆ.

ಎಣಿಸಲಿಲ್ಲ.
ಡಬ್ಬಿಗೆ ಬಟ್ಟೆ ಸುತ್ತಿ ಅರಗು ಹಾಕಿ ವೀಕ್ಷಕರು ನಕ್ಕರು:
“ಇದು ಅಭಿಪ್ರಾಯ ಸಂಗ್ರಹ. ತೀರ್ಮಾನ ವರಿಷ್ಠರದು.”
ಕಾರಿನ ಡಿಕ್ಕಿಯಲ್ಲಿ ಡಬ್ಬಿ, ಡಬ್ಬಿಯ ಪಕ್ಕ
ಯಾರೋ ಕೊಟ್ಟ ಶೆಟ್ಲಿ, ಐಸು ತುಂಬಿ.
ಎರಡೂ ಅರಬೈಲು ಘಟ್ಟ ಹತ್ತಿದವು.
ಶೆಟ್ಲಿ ಕೆಡದೆ ತಲುಪಿತಂತೆ.

ಹನ್ನೊಂದನೇ ದಿನ ಟೀವಿಯಲ್ಲಿ ಹೆಸರು ಬಂತು. ಮೂರನೆಯದು.
ಹುಬ್ಬಳ್ಳಿಯಲ್ಲಿ ಸಿಮೆಂಟು ವ್ಯಾಪಾರ, ಅಜ್ಜಿಮನೆ ಅಂಕೋಲೆಯಂತೆ.
ಪೆಡ್ನೇಕರನಿಗೆ ಒಂದು ನಿಗಮ, ವಿಲಾಸಿನಿಗೆ ಜಿಲ್ಲೆಯ ಪದವಿ.
ಹಾರ ಒಂದೇ, ಇಬ್ಬರ ಕೊರಳೂ ಅದರೊಳಗೆ;
ಪೇಪರಿನಲ್ಲಿ ಫೋಟೋ. ಆ ಪೇಪರಿನಲ್ಲೇ
ನಾನು ಒಣ ತಾರ್ಲೆ ಕಟ್ಟಿ ಕೊಟ್ಟೆ.

ಗಣಪಣ್ಣ ಈಗಲೂ ಆಚೆ ಬೀದಿಯಿಂದ ಹೋಗುತ್ತಾನೆ.
ಶೇವಂತಿಯ ಬುಟ್ಟಿ ಒಂದು ಮೊಳ ಸರಿದು ಕೂತಿದೆ.
ಬಿಲ್ಲೆಯ ದಾರ ಗಟ್ಟಿ; ತಕ್ಕಡಿಯ ತಟ್ಟೆಗೆ ಕಟ್ಟಿದ್ದೇನೆ.
ಆ ಒಂದು ಮೊಳದಲ್ಲಿ ಪೇಟೆಯ ಬೆಕ್ಕು ಮಲಗುತ್ತದೆ,
ಕೆಂಚು, ಬಾಲ ಮುರಿದದ್ದು,
ಒಂದು ಕಣ್ಣು ನನ್ನ ಬುಟ್ಟಿಗೆ, ಒಂದು ಅವಳದಕ್ಕೆ.
ಅದು ಬಾಯಿ ಹಾಕಿದಾಗ
ಇಬ್ಬರೂ ಒಟ್ಟಿಗೇ ‘ಹುಶ್ಶ್’ ಎನ್ನುತ್ತೇವೆ,
ಆಮೇಲೆ ಇಬ್ಬರೂ ಬೇರೆ ಕಡೆ ನೋಡುತ್ತೇವೆ.