ಸಾವಿರದ ಲೆಕ್ಕ

ದಿನಕ್ಕೆ ಸಾವಿರ ಅಂದರೆ
ಇಪ್ಪತ್ತೈದರ ನಲವತ್ತು ಕಟ್ಟು.
ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ಉದುರಿಸಿ ಸುರುಟಿ
ತುದಿ ಮಡಚಿ, ನೂಲು ಎರಡು ಸುತ್ತು.
ಸಾವಿರ ಎಷ್ಟು ಉದ್ದ ಎಂದು
ನನ್ನ ಹೆಬ್ಬೆರಳಿಗೆ ಗೊತ್ತುಂಟು.

ಹಾಗಾಗಿ ಮಿಸ್ರಿಯಾ ಓಡಿ ಬಂದು
"ಉಮ್ಮಾ, ನಲವತ್ತು ಲಕ್ಷ ಲೈಕ್!" ಎಂದಾಗ
ತಡ್ಪೆಯಿಂದ ತಲೆ ಎತ್ತದೆಯೇ ಭಾಗಿಸಿದೆ:
ನಾಲ್ಕು ಸಾವಿರ ದಿನ.
ಶುಕ್ರವಾರ, ಹಬ್ಬ, ಜ್ವರ ಒಂದನ್ನೂ ಬಿಡದೆ ಸುರುಟಿದರೂ
ಹನ್ನೊಂದು ವರ್ಷ.
"ಅವನಿಗೆ ಎಷ್ಟು ಹೊತ್ತು ಬೇಕಾಯ್ತು?"
"ಹದಿಮೂರು ಸೆಕೆಂಡ್."

ಕುಮೊಬೆ ಅಂತೆ. ಹಯಾತೊ ಕುಮೊಬೆ.
ಜಪಾನಿನ ಯಾವುದೋ ಊರಿನ ಎರಡನೇ ದರ್ಜೆಯ ತಂಡ,
ಎಡಬದಿಯ ಡಿಫೆಂಡರ್,
ಆರು ವರ್ಷದಲ್ಲಿ ಒಂದೂ ಗೋಲಿಲ್ಲ.
ಗೋಲಿಗಾಗಿ ಅಲ್ಲ ಮಾರಾಯ್ರೆ ಈ ಗೌಜಿ.
ತೊಂಬತ್ತನೇ ನಿಮಿಷ, ತಂಡ ಸೋಲುತ್ತಾ ಉಂಟು,
ಚೆಂಡು ಗೆರೆ ದಾಟಿದೆ,
ಎತ್ತಿಕೊಡುವ ಪುಟ್ಟ ಹುಡುಗ
ತನ್ನ ಶೂವಿನ ಲೇಸನ್ನು ತಾನೇ ತುಳಿದು ಬಿದ್ದಿದ್ದಾನೆ.
ಓಡಿ ಬಂದವ ಚೆಂಡು ಕಸಿಯಲಿಲ್ಲ.
ಮಂಡಿಯೂರಿ ಲೇಸು ಕಟ್ಟಿದ,
ಆಮೇಲೆ ಎರಡೂ ಕೈ ಚಾಚಿ ಚೆಂಡು ಕೇಳಿದ.
ಅಷ್ಟೇ.

ಬ್ರೆಜಿಲಿನವರು ಅತ್ತರಂತೆ.
ಕೈರೋದ ಹುಡುಗಿಯರು ಅವನ ಕೂದಲಿಗೇ ಸತ್ತರಂತೆ.
ಕಲ್ಲಿಕೋಟೆಯಲ್ಲೊಬ್ಬ ಮಗುವಿಗೆ ಅವನ ಹೆಸರಿಡಲು ಹೊರಟು
ಅಜ್ಜಿಯಿಂದ ಬೈಸಿಕೊಂಡನಂತೆ.
ನಮ್ಮ ತೋಟ ಬೆಂಗ್ರೆಯ ಹುಡುಗರು
ಹೊಯಿಗೆಯಲ್ಲಿ ಬರಿಗಾಲಲ್ಲಿ ಆಡುವವರು,
ಇಲ್ಲದ ಲೇಸು ಕಟ್ಟುವ ನಾಟಕ ಮಾಡುತ್ತಾ
ಗೋಲು ಮೇಲೆ ಗೋಲು ಬಿಟ್ಟುಕೊಟ್ಟರು.

ನಾನು ನೋಡಿದ್ದು ಬೆರಳು.
ಮತ್ತೊಮ್ಮೆ ಹಾಕು, ಮೆಲ್ಲ ಮಾಡು ಅಂದೆ.
ಎರಡು ಸುತ್ತು, ಉಗುರಿನಿಂದ ಒಂದು ಒತ್ತು,
ಕಿರುಬೆರಳು ದೂರ, ದಾರಿಗೆ ಅಡ್ಡ ಬಾರದ ಹಾಗೆ.
ಇದು ಕ್ಯಾಮೆರಾಕ್ಕೆ ಕಟ್ಟಿದ ಗಂಟಲ್ಲ ಮಗಾ,
ಎಲ್ಲೋ ಸಾವಿರ ಕಟ್ಟಿದ ಕೈ:
ಬಲೆಯೋ, ಪೊಟ್ಟಣವೋ, ತಮ್ಮಂದಿರ ಶೂವೋ.
ರಾತ್ರಿಯಿಡೀ ಹುಡುಕಿದಳು ಮಿಸ್ರಿಯಾ.
ಅವನ ಇಷ್ಟದ ಐಸ್‌ಕ್ರೀಂ ಸಿಕ್ಕಿತು,
ರಕ್ತದ ಗುಂಪು ಕೂಡ ಸಿಕ್ಕಿತು.
ಬೆರಳಿನ ವಿಷಯ ಯಾರೂ ಬರೆದಿರಲಿಲ್ಲ.

ಕೊನೆಗೆ ಇವಳೇ ಬರೆದಳು, ಕನ್ನಡದಲ್ಲಿ:
"ಇದು ಕೆಲಸದ ಕೈ ಎನ್ನುತ್ತಾಳೆ ನನ್ನ ಉಮ್ಮ."
ಏಳು ಜನ ಮೆಚ್ಚಿದರು. ಆರು ಜನ ಇಲ್ಲಿಯವರೇ.
ಏಳನೆಯ ಹೆಂಗಸು ಅಲ್ಲಿಂದ ಕೇಳಿದಳು, ಬೆಂಗ್ರೆ ಎಲ್ಲಿ?
ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ನಾವು, ಎರಡು ಗೋಲುಕಂಬ.
ಪೇಟೆಗೆ ದೋಣಿ ಉಂಟು.

ಮಳೆಗಾಲ ಬಂತು, ಬೋಟುಗಳು ದಕ್ಕೆಯಲ್ಲಿ ನಿಂತವು.
ಅಷ್ಟರಲ್ಲಿ ಲೋಕವು
ಹಾರ್ಮೋನಿಯಂ ಮೇಲೆ ನಡೆಯುವ ಬೆಕ್ಕಿನ ಹಿಂದೆ ಹೋಗಿತ್ತು.
ಕುಮೊಬೆಗೆ ಮಂಡಿನೋವು, ಈಗ ಬೆಂಚು.
ಭಾನುವಾರ ಹನ್ನೊಂದೂವರೆಗೆ
ಅವನು ಬೆಂಚಿನಲ್ಲಿ ಕೂತದ್ದನ್ನು ನೋಡಲು
ಇವಳೂ ಕೂರುತ್ತಾಳೆ, ನನ್ನ ಎದುರಿಗೇ, ಎಲೆ ಕತ್ತರಿಸುತ್ತಾ.
ಶನಿವಾರ ಬ್ರಾಂಚಿನವ ನನ್ನ ಕಟ್ಟು ಬಿಚ್ಚಿ
ಐವತ್ತು ಬೀಡಿ ಹೊರಗೆಸೆದ.
ಯಾಕೆಂದು ಕೇಳಲಿಲ್ಲ, ಅವನು ಹೇಳಲಿಲ್ಲ.

ನಿನ್ನೆ ಸೆಕೆಂಡ್‌ಹ್ಯಾಂಡ್ ಶೂ ತಂದಿದ್ದಾಳೆ.
ಹುಡುಗಿಯರದ್ದೂ ಒಂದು ತಂಡ ಆಗುತ್ತದಂತೆ.
ಹೊಸಿಲಲ್ಲಿ ಕೂತು ಕಾಲು ಚಾಚಿದಳು,
"ಉಮ್ಮಾ, ನೀನು ಕಟ್ಟು, ನಿನ್ನದು ಬಿಚ್ಚುವುದಿಲ್ಲ."
ನೀನೇ ಕಟ್ಟಿಕೊ ಮಾರಾಯ್ತಿ,
ನನಗಿನ್ನೂ ಮುನ್ನೂರು ಬಾಕಿ ಉಂಟು.