ಆರನೇ ಸೆಮಿಸ್ಟರಿನ ಊರು

ಹೋದ ವರ್ಷದ ಕ್ಯಾಲೆಂಡರಿನ ಡಿಸೆಂಬರು ಹರಿದು
ಬೆನ್ನ ಮೇಲೆ ಎಂಟು ಮನೆ ಬರೆದೆ,
ಕುಂಟಾಬಿಲ್ಲೆಗೆ ಬರೆಯುವ ಹಾಗೆ.
ಎಂಟು ಸೆಮಿಸ್ಟರು. ನೂರ ಅರವತ್ತು ಕ್ರೆಡಿಟ್ಟು.
ಆರನೇ ಮನೆಯಲ್ಲೇ ಇಳಿದುಬಿಡಬಹುದಂತೆ,
ಅದಕ್ಕೂ ಡಿಗ್ರಿ ಕೊಡುತ್ತಾರಂತೆ.
ಬಿಲ್ಲೆ ಗೆರೆಯ ಮೇಲೆ ಬಿದ್ದರೆ ಏನೆಂದು
ಕೈಪಿಡಿಯಲ್ಲಿಲ್ಲ.

ಜುವಾರಿನಗರದ ಏರಿನಲ್ಲಿ ನಮ್ಮ ಮನೆ.
ದಾಬೋಳಿಗೆ ವಿಮಾನ ಇಳಿದಾಗೆಲ್ಲ
ತಗಡು ಗುಂಯ್ ಎಂದು ಗೆರೆ ಸೊಟ್ಟಗಾಗುತ್ತದೆ.
ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವ ಬಾಗು
ಮಧ್ಯಾಹ್ನ ಎರಡೂ ನಲವತ್ತರ ದಿಲ್ಲಿ ವಿಮಾನ.

ಮೇಜರು, ಭೂವಿಜ್ಞಾನ.
"ಭೂಮಿ ಅಂದ್ರ ಹೊಲಾನ?" ಅಪ್ಪ ಕೇಳಿದ.
"ಅಲ್ಲ, ಕಲ್ಲು."
"ಕಲ್ಲು ಓದಾಕ ನಾಕು ವರ್ಷನ?
ಇಪ್ಪತ್ತೆರಡು ವರ್ಷ ಆತು ನಾ ಚಿರೇಕಲ್ಲು ಕೊರ್ಯಾಕ ಹತ್ತಿ,
ಒಂದರ ಬಾಯಿ ಬಿಟ್ಟಿಲ್ಲ ನನ್ನ ಮುಂದ."
ಅಂದವನೇ ಉಗುರಿನ ಕೆಂಪು ತಿಕ್ಕುತ್ತ ಕೂತ.

ಮೈನರಿಗೆ ರಸಾಯನಶಾಸ್ತ್ರವೇ ಬೇಕಿತ್ತು.
ಅದರ ಲ್ಯಾಬು ಮುಗಿಯುವುದು ಐದೂವರೆಗೆ,
ಕದಂಬ ಬಸ್ಸು ಹೊರಡುವುದು ಐದೂ ಹತ್ತಕ್ಕೆ,
ಆರಕ್ಕೆ ಶೇವಂತಿ ಬಾಯಿಯ ಇಬ್ಬರು ಹುಡುಗರಿಗೆ ಟ್ಯೂಷನ್ನು,
ತಿಂಗಳಿಗೆ ಹದಿನೈದು ನೂರು.
ಹಾಗಾಗಿ ಭೂಗೋಳ. ನಾನು ಆರಿಸಿದ್ದಲ್ಲ,
ಡ್ರೈವರು ಆರಿಸಿದ್ದು. ಅವನಿಗೆ ಗೊತ್ತಿಲ್ಲ.

ಭಾಷೆಯ ಪಟ್ಟಿ: ಕೊಂಕಣಿ, ಮರಾಠಿ, ಹಿಂದಿ, ಫ್ರೆಂಚ್, ಪೋರ್ತುಗೀಸ್.
ಬೆರಳಿಟ್ಟು ಎರಡು ಸಲ ಕೆಳಗಿಳಿದೆ.
ಆಮೇಲೆ ಕೊಂಕಣಿ ತಗೊಂಡೆ.
ಬಾಂಗಡೆಯ ರೇಟಿಗೆ ಜಗಳಾಡಿ ಕಲಿತದ್ದಕ್ಕೆ
ಎರಡು ಕ್ರೆಡಿಟ್ಟು ಬಂದರೆ ಬರಲಿ.

ಕುಲಾಸೊ ಮೇಡಂ ಕ್ಯಾಲೆಂಡರು ನೋಡಿ ನಗಲಿಲ್ಲ.
ತಮ್ಮ ರಬ್ಬರು ತೆಗೆದು
ನಾಲ್ಕನೇ ಮನೆಯ ಗಣಿತವನ್ನು ಎರಡಕ್ಕೆ ಇಳಿಸಿದರು.
"ಇದಿಲ್ಲದೆ ಐದರ ಬಾಗಿಲು ತೆರೆಯುವುದಿಲ್ಲ.
ಖನಿಜ ಮೊದಲು, ಶಿಲೆ ಆಮೇಲೆ, ಸ್ತರ ಕೊನೆಗೆ.
ಅವಸರ ಮಾಡಿದವರೆಲ್ಲ ಐದರಲ್ಲಿ ಎರಡೆರಡು ಸಲ ಕೂತಿದ್ದಾರೆ."
ಯಾವುದಕ್ಕೂ ಬೇಡದ ಒಂದನ್ನೂ ಹಾಕಿಕೋ ಎಂದರು,
ಯಾಕೆಂದು ಹೇಳಲಿಲ್ಲ.
ಮಡಕೆ ಮಾಡುವುದು ಅಂತ ಒಂದಿತ್ತು. ಹಾಕಿಕೊಂಡೆ.

ಆರನೇ ಮನೆ ತುಂಬುವಾಗ
ಪಠ್ಯಕ್ರಮದ ನಲವತ್ತೊಂದನೇ ಪುಟ:
ಕಲಾದಗಿ ದ್ರೋಣಿ. ಬಾದಾಮಿ ಗುಂಪು. ಕೆರೂರು ರಚನೆ.
ಕ್ಷೇತ್ರಕಾರ್ಯ ಏಳು ದಿನ, ಶುಲ್ಕ ಆರೂವರೆ ಸಾವಿರ.

ಕೆರೂರು.
ಅವ್ವ ಹುಟ್ಟಿದ್ದು. ನನ್ನ ತೊಟ್ಟಿಲು ಕಟ್ಟಿದ್ದು.
ಯಾವೂರು ನಿಮ್ಮದು ಎಂದು ಬಸ್ಸಿನಲ್ಲಿ ಕೇಳಿದಾಗ
ಹೇಳಿ, ಘಾಂಟಿ ಅನ್ನಿಸಿಕೊಂಡು,
ಆಮೇಲೆ ಹೇಳುವುದನ್ನೇ ಬಿಟ್ಟ ಹೆಸರು
ಇಲ್ಲಿ ದಪ್ಪ ಅಕ್ಷರದಲ್ಲಿ, ಕೋಟಿ ಕೋಟಿ ವರ್ಷದ ವಯಸ್ಸಿನ ಸಮೇತ
ಪರೀಕ್ಷೆಗೆ ಬರುತ್ತದೆ. ಹತ್ತು ಅಂಕ.

"ನಮ್ಮೂರಿಗೆ ಹೋಗಾಕ ಆರೂವರೆ ಸಾವ್ರನ?"
ಮಲಗಿದ್ದ ಅವ್ವ ಎದ್ದು ಕೂತಳು.
"ವಾಸ್ಕೋದಾಗ ರಾತ್ರಿ ಹತ್ತಿದ್ರ ಮುಂಜಾನಿಗೆ ಬಾಗಲಕೋಟಿ.
ನಮ್ಮವ್ವನಽ ಕರ್ಕೊಂಡ ಹೊಕ್ಕಾಳ್ರಿ ಅನ್ನು ನಿಮ್ಮ ಬಾಯಾರಿಗೆ.
ನಮ್ಮ ಆಯಿ ಖಾರ ಅರಿಯೂ ಕಲ್ಲು ಐತಿ ಇನ್ನಾ ಅಂಗಳದಾಗ,
ಅದರ ವಯಸ್ಸೂ ಕೇಳಲಿ."

ಒಯ್ಯಬೇಕಾದ ಸಾಮಾನು ಕೆಳಗೆ ಬರೆದಿತ್ತು:
ಮಸೂರ, ದಿಕ್ಸೂಚಿ, ನೋಟುಬುಕ್ಕು, ಸುತ್ತಿಗೆ.
ಅಪ್ಪ ನನ್ನಿಂದ ಎರಡು ಸಲ ಓದಿಸಿದ.
"ಸುತ್ತಿಗಿ ಕೊಳ್ಳಬ್ಯಾಡ" ಅಂದ.

ಏಳು, ಎಂಟು ಹಾಗೇ ಇವೆ.
ಫಾರ್ಮಿಗೆ ಶುಕ್ರವಾರ ಕೊನೆ.
ಕೆಳಗೆ ಟ್ಯಾಂಕರು ಹಾರ್ನು ಹೊಡೆಯಿತು,
ಸಾಲಿನಲ್ಲಿ ನಮ್ಮ ಕೊಡ ಹದಿಮೂರನೆಯದು.
ಪೆನ್ಸಿಲು ಜಡೆಗೆ ಸಿಕ್ಕಿಸಿ ಓಡಿದೆ.