ತುದಿ ಹಿಡಿ

ಅತ್ತಿಯ ಹಿತ್ತಾಳಿ ಕೊಡ ಒಂದ,
ಸೊಸೆಯಂದಿರು ಇಬ್ಬರು.
ಹನ್ನೊಂದು ವರ್ಷ ನಡುಗೋಡಿ
ಒಂದು ಮಾತೂ ದಾಟಿಸಲಿಲ್ಲ.
ಜಗಳಿಲ್ಲ, ಶಾಂತಿ ಐತಿ ಅಂತಿತ್ತು
ಬೆಟಗೇರಿಯ ನಮ್ಮ ಓಣಿ.

ಇವತ್ತ ಕಾಣಿಕಿ ಲಕೋಟಿ
ಚರ್ಚಿನ ಬೆಂಚಿನ ಮ್ಯಾಲೆ ಬಿಟ್ಟು
ಪಾಸ್ಟರು ನೋಡತಿದ್ದಂಗ ಎದ್ದು ಬಂದೆ.

ನೆಗೆಣ್ಣಿ ರಾಹೇಲವ್ವ, ಐತವಾರನೂ,
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತಿದ್ಲು.
ಹಾಸಿನ ಎಳಿ ಹರಿದಿತ್ತು.
ತಪ್ಪಾತು ಅನ್ನಾಕ ಬಾಯಿ ತೆರೆದೆ.
ತಲಿ ಎತ್ತದನ
"ತುದಿ ಹಿಡಿ" ಅಂದ್ಲು.

ಹಿಡಿದೆ.
ಬೂದಿ ಹಚ್ಚಿದ ಆಕಿ ಬೆರಳು
ನನ್ನ ಬೆರಳಿಗೆ ತಾಗಿತು.

ಮ್ಯಾಗ ಕಾಣದ ಗಂಟು
ಅಡಿಯಿಂದ ಸವರಿದ್ರ ಸಿಗತೈತಿ. ಇರಲಿ.
ಸೀರಿ ಇಡಿಯಾಗತೈತಿ.

ಖಟ್ ಖಟ್ ಖಟ್ —
ಎಷ್ಟು ಗದ್ದಲ, ದೇವರೇ,
ನಿನ್ನ ಸಮಾಧಾನ!